ಕೊನೆಗಾರರ ಯೋಗಕ್ಷೇಮ

ಅಡಿಕೆಯ ಧಾರಣೆ ಏರಿತೆ, ಇಳಿಯಿತೆ ಎಂದು ದಿನವೂ ವಿಚಾರಿಸುವ ಮಹಾಶಯರು ನಮ್ಮ ಪಟ್ಟಣಗಳಲ್ಲಿ ಅನೇಕರಿದ್ದಾರೆ. ಆ ಅಡಿಕೆಯನ್ನು ಮರದಿಂದ ಇಳಿಸಿದವನು ಸುಖವಾಗಿ ನೆಲಕ್ಕೆ ಇಳಿದನೇ ಎಂದು ವಿಚಾರಿಸುವವರು ಮಾತ್ರ ವಿರಳ. ಆದುದರಿಂದ ಸಾಗರ, ತೀರ್ಥಹಳ್ಳಿ, ಶಿರಸಿ, ಸಿದ್ದಾಪುರಗಳ ತೋಟಗಳಲ್ಲಿ ದುಡಿಯುವ ಕೊನೆಗಾರರ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಅಡಿಕೆಯ ಮರವು 40–50 ಅಡಿ ಬೆಳೆಯುವುದು. ಆದರೆ ಅದರ ಕಾಂಡವು ಎರಡು ಅಂಗೈಗಳ ಹಿಡಿತಕ್ಕೆ ಮೀರಿದ್ದಲ್ಲ. ಪಾದಗಳಿಗೆ ಹಗ್ಗದ ಬಳೆಯೊಂದನ್ನು ಸಿಕ್ಕಿಸಿಕೊಂಡು ಕೊನೆಗಾರನು ಅದನ್ನೇರುತ್ತಾನೆ. ಒಂದು ಮರದ ಕೆಲಸ ತೀರಿದೊಡನೆ ಕೆಳಗಿಳಿಯದೆ, ಮರವನ್ನೇ ಬಾಗಿಸಿ, ಒಂಬತ್ತು ಅಡಿ ಆಚೆಗಿರುವ ಇನ್ನೊಂದನ್ನು ಕೈನೀಡಿ ಹಿಡಿದು ದಾಟುತ್ತಾನೆ. ಯಾವ ಕೊನೆ ಇಂದು ಕೊಯ್ಯತಕ್ಕದ್ದು, ಯಾವುದು ಹದಿನೈದು ದಿನ ಕಾಯತಕ್ಕದ್ದು ಎಂಬುದನ್ನು ಮೇಲೆ ತೂಗಾಡುತ್ತಲೇ ಅವನು ನಿರ್ಣಯಿಸಬೇಕು. ಆ ಹದ ತಪ್ಪಿದರೆ ರಾಶಿ ಇಡಿಯಾಗಬೇಕಾದುದು ಗೊರಬಲಾಗಿ, ಒಡೆಯನ ಲಾಭವು ಅಲ್ಲಿಯೇ ಕರಗುವುದು.

ಮಳೆಗಾಲದ ಕೆಲಸವು ಇದಕ್ಕಿಂತ ಕಠಿನ. ಹಿಂದೆ ಕೊಳೆರೋಗದಿಂದ ಫಸಲನ್ನು ಉಳಿಸಲು ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. 20ನೆಯ ಶತಮಾನದ ಮೊದಲ ದಶಕದಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಹಾಶಯರು ಈ ರೋಗವನ್ನು ಪರಿಶೋಧಿಸಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಇಂದಿಗೂ ಅದೇ ಮದ್ದು. ಮಳೆ ಹಿಡಿಯುವ ಮುನ್ನ ಒಮ್ಮೆ, ಸುಮಾರು 40–45 ದಿನಗಳ ಮೇಲೆ ಮತ್ತೊಮ್ಮೆ ಇದನ್ನು ಹೊಡೆಯಬೇಕು. ಆ ಎರಡನೆಯ ಸಲಕ್ಕೆ ಮರವೆಲ್ಲ ಪಾಚಿಗಟ್ಟಿ ಜಾರುತ್ತಿರುತ್ತದೆ.

ಇಂಥ ಕೆಲಸದ ನಡುವೆಯೂ ತೋಟದಲ್ಲಿ ನಗೆಮಾತಿಗೆ ಬರವಿಲ್ಲ. "ಕೆಳಗಿನವನೇ, ಹಗ್ಗ ಹಿಡಿದೆಯೋ, ನಿದ್ದೆ ಹಿಡಿಯಿತೋ?" ಎಂದು ಮೇಲಿನವನು ಕೂಗಿದರೆ, "ನಿನ್ನ ಕೊನೆ ಬರುವಷ್ಟರಲ್ಲಿ ಎರಡು ನಿದ್ದೆ ಮುಗಿಯಿತು ಮಾರಾಯ" ಎಂದು ಕೆಳಗಿನವನ ಉತ್ತರ. ತೋಟದ ಯಜಮಾನನು ಬಂದರೆ, "ಒಡೆಯರೇ, ನೆಲ ನಿಮ್ಮದು, ಮಹಡಿ ನಮ್ಮದು" ಎಂಬ ಚಟಾಕಿ. ಇದನ್ನು ಕೇಳಿ ಕೂಲಿಯವರು ಹರಟೆಯಲ್ಲಿ ಹೊತ್ತು ಕಳೆಯುತ್ತಾರೆಂದು ಗೊಣಗುವವರುಂಟು. ಅವರು ವಿಚಾರಮಾಡಬೇಕು. ಸೋಗೆಯ ಮರೆಯಲ್ಲಿ ಒಬ್ಬರಿಗೊಬ್ಬರು ಕಾಣದಿರುವಾಗ, ಮಾತಿಗೆ ಮಾತು ಬರುತ್ತಿರುವುದೇ ಕೈಕಾಲು ನೆಟ್ಟಗಿವೆ ಎಂಬುದಕ್ಕೆ ಸಾಕ್ಷಿ. ಒಂದು ದನಿ ನಿಂತರೆ ಉಳಿದವರು ತಲೆಯೆತ್ತಿ ನೋಡುತ್ತಾರೆ. ಆ ಹರಟೆಯು ಅವರ ಕಾವಲು.

ಆದರೆ ಬಿದ್ದವನಿಗೆ ಆಸರೆ ಯಾರು? 1923ರಲ್ಲಿ ಶಿರಸಿಯ ತೋಟಿಗರು ತಮ್ಮ ಅಡಿಕೆಯ ಮಾರಾಟಕ್ಕಾಗಿ ಸಹಕಾರಿ ಸಂಘವನ್ನು ಕಟ್ಟಿದರು. ಅದೇ ವರ್ಷ ಕಾರ್ಮಿಕರ ನಷ್ಟಪರಿಹಾರದ ಶಾಸನವೂ ಹುಟ್ಟಿತು. ಸಂಘವು ಬೆಳೆದು ತೋಟಿಗನ ಬೆನ್ನಿಗೆ ನಿಂತಿತು. ಇಂದು ಒಂದು ತೋಟ, ನಾಳೆ ಇನ್ನೊಂದು ತೋಟವೆಂದು ತಿರುಗುವ ಕೊನೆಗಾರನಿಗೋ, ತನ್ನ ಧಣಿ ಇಂಥವನೇ ಎಂದು ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಸೊಂಟ ಮುರಿದ ಮೇಲೆ ಅವನಿಗೆ ದಕ್ಕುವುದು ಬಹುಮಟ್ಟಿಗೆ ಒಡೆಯನ ದಯೆಯಷ್ಟೇ. ದಯೆಯು ಒಳ್ಳೆಯದು, ಆದರೆ ಅದು ಹಕ್ಕಿನ ಸ್ಥಾನವನ್ನು ತುಂಬಲಾರದು.

ನೆಲದಿಂದಲೇ ಕೊಯ್ಯುವ ಹಗುರಾದ ದೋಟಿಗಳು ಬಂದಿರುವಾಗ ಈ ಚಿಂತೆಯೇಕೆ ಎಂದು ಕೆಲವರು ಕೇಳಬಹುದು. ದೋಟಿ ಬಂದುದು ನಮಗೂ ಸಂತೋಷವೇ. ಆದರೆ ಉದ್ದನೆಯ ದೋಟಿಯನ್ನು ನೆಟ್ಟಗೆ ನಿಲ್ಲಿಸುವುದೂ ಕಲಿತ ಕೈಯ ಕೆಲಸ. ಎಲ್ಲ ಮರಕ್ಕೂ, ಎಲ್ಲ ಇಳಿಜಾರಿಗೂ ಅದು ಒದಗುವುದಿಲ್ಲ. ಕೊನೆಗಾರರ ಮಕ್ಕಳು ಈ ವೃತ್ತಿಯನ್ನು ಬಿಟ್ಟು ಪಟ್ಟಣ ಸೇರುತ್ತಿರುವುದಕ್ಕೆ ಕೂಲಿಯ ಕೊರತೆಯೊಂದೇ ಕಾರಣವಲ್ಲ. ಭಯ ಮತ್ತು ಅಗೌರವಗಳೂ ಕಾರಣ.

ದಾರಿ ದುರ್ಗಮವೇನಲ್ಲ. ತೆಂಗು ಅಭಿವೃದ್ಧಿ ಮಂಡಳಿಯು ತೆಂಗಿನ ಮರ ಹತ್ತುವವರಿಗಾಗಿ ಕೇರ ಸುರಕ್ಷಾ ಎಂಬ ಅಪಘಾತ ವಿಮೆಯನ್ನು ಏರ್ಪಡಿಸಿ, ಕಂತಿನ ಬಹುಭಾಗವನ್ನು ತಾನೇ ಹೊತ್ತ ನಿದರ್ಶನವು ಕಣ್ಣೆದುರಿಗಿದೆ. ಪ್ರತಿಯೊಂದು ಗ್ರಾಮ ಪಂಚಾಯಿತಿಯೂ ತನ್ನ ಸರಹದ್ದಿನ ಕೊನೆಗಾರರ ಪಟ್ಟಿಯನ್ನಿಡಲಿ. ಮಾರಾಟ ಸಂಘಗಳು ಕ್ವಿಂಟಲಿಗೆ ಇಷ್ಟೆಂದು ಅಲ್ಪ ಮೊತ್ತವನ್ನು ಹಿಡಿದು ವಿಮೆಯ ಕಂತು ಕಟ್ಟಲಿ. ತೋಟಗಾರಿಕೆಯ ಇಲಾಖೆಯು ಸೊಂಟಪಟ್ಟಿಯನ್ನೂ ಶಿಕ್ಷಣವನ್ನೂ ಒದಗಿಸಲಿ. ಮರದ ರೋಗಕ್ಕೆ ಮದ್ದು ಕಂಡುಹಿಡಿದು ಶತಮಾನ ಕಳೆಯಿತು. ಆ ಮದ್ದನ್ನು ಮೇಲಕ್ಕೆ ಒಯ್ಯುವ ಮನುಷ್ಯನ ಯೋಗಕ್ಷೇಮವನ್ನು ಮುಂದಿನ ಮಳೆಗಾಲಕ್ಕೆ ಮುನ್ನವೇ ಏರ್ಪಡಿಸಬೇಕೆಂದು ಅಧಿಕಾರಿಗಳನ್ನೂ ತೋಟಿಗರನ್ನೂ ಒತ್ತಾಯವಾಗಿ ಕೇಳಿಕೊಳ್ಳುತ್ತೇವೆ.