ಡಿಲೀಟ್ ಆದ ಕಡತ ಸತ್ತಿಲ್ಲ, ಸಾಯಿಸ್ತಿರೋದು ನಾವು

ಸಾಫ್ಟ್‌ವೇರ್ ಕೆಲಸ ಅಂದ ಕೂಡಲೇ ಊರ ಕಡೆ ನಮ್ಮನ್ನ ಕಂಪ್ಯೂಟರ್ ಡಾಕ್ಟರು ಅಂತ ತಿಳ್ಕೊಂಡುಬಿಡ್ತಾರೆ. ನಾನು ಬರೆಯೋ ಕೋಡಿಗೂ ಅವರ ಪೆನ್ ಡ್ರೈವಿಗೂ ಸಂಬಂಧ ಇಲ್ಲ ಅಂತ ಹೇಳಿದ್ರೆ ಯಾರೂ ನಂಬಲ್ಲ :) ಹಬ್ಬಕ್ಕೆ ಪಿರಿಯಾಪಟ್ಟಣಕ್ಕೆ ಹೋದಾಗಲೆಲ್ಲ ಒಬ್ಬರಾದರೂ ಬಂದೇ ಬರ್ತಾರೆ. "ಎಲ್ಲಾ ಹೊಂಟೋಯ್ತು ಕಣಪ್ಪ, ಏನಾರ ಮಾಡಕ್ಕಾಯ್ತದಾ?" ಕೆ.ಆರ್.ನಗರದ ಸ್ಟುಡಿಯೋದವರ ಮದುವೆ ಫೋಟೋ, ಹುಣಸೂರಿನ ಡಿಟಿಪಿ ಅಂಗಡಿಯವರ ಲಗ್ನಪತ್ರಿಕೆ, ಹೀಗೆ.

ಇಷ್ಟು ವರ್ಷ ಇದನ್ನೆಲ್ಲ ನೋಡಿ ನನಗೆ ಅನ್ನಿಸಿರೋದು ಒಂದೇ. ಕಡತ ಹೋಗೋದು ಡಿಲೀಟ್ ಮಾಡಿದ್ದರಿಂದ ಅಲ್ಲ. ಆಮೇಲಿನ ಒಂದು ಗಂಟೆಯ ಗಾಬರಿಯಿಂದ.

ನಮ್ಮ ಕಡೆಯವರಿಗೆ ಇದನ್ನ ಪಹಣಿ ಲೆಕ್ಕದಲ್ಲಿ ಹೇಳಿದ್ರೆ ತಕ್ಷಣ ಅರ್ಥ ಆಗುತ್ತೆ. ಪಹಣಿಯಿಂದ ಹೆಸರು ಹೊಡೆದು ಹಾಕಿದ್ರೆ ಜಮೀನು ಎಲ್ಲಿಗೂ ಓಡಿ ಹೋಗಲ್ಲ. ಬೆಳೆದ ಹೊಗೆಸೊಪ್ಪು ಅಲ್ಲೇ ನಿಂತಿರುತ್ತೆ. ಇನ್ನೊಬ್ಬ ಬಂದು ಉತ್ತಾಗಲೇ ಅದು ಹೋಗೋದು. ಕಡತವೂ ಅಷ್ಟೇ. ಪೆನ್ ಡ್ರೈವಿನ ಫ್ಯಾಟ್ ಪದ್ಧತಿಯಲ್ಲಿ ಡಿಲೀಟ್ ಮಾಡಿದಾಗ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ ಒಂದು ಗುರುತು ಬೀಳುತ್ತೆ, "ಈ ಜಾಗ ಖಾಲಿ" ಅಂತ ಪಟ್ಟಿಯಲ್ಲಿ ದಾಖಲಾಗುತ್ತೆ. ವಿಂಡೋಸಿನ ಎನ್‌ಟಿಎಫ್‌ಎಸ್‌ನಲ್ಲೂ ಹೆಚ್ಚುಕಮ್ಮಿ ಇದೇ ಕಥೆ. ಒಳಗಿನ ಮಾಹಿತಿ ಹಾಗೇ ಇರುತ್ತೆ, ಮೇಲೆ ಹೊಸದೇನಾದ್ರೂ ಬರೆಯೋವರೆಗೆ.

ಆದ್ರೆ ನಾವು ಮಾಡೋದೇನು? ಅದೇ ಡ್ರೈವಿಗೆ ರಿಕವರಿ ಸಾಫ್ಟ್‌ವೇರ್ ಇಳಿಸ್ಕೊಳ್ತೀವಿ. ಅಂದ್ರೆ ಹುಡುಕೋ ನೆಪದಲ್ಲಿ ಅಲ್ಲೇ ಉಳುಮೆ! ಇಲ್ಲಾಂದ್ರೆ ರಿಪೇರಿ ಅಂಗಡಿಗೆ ಕೊಡ್ತೀವಿ, ಅವರು "ಫಾರ್ಮ್ಯಾಟ್ ಮಾಡಿ ಸರಿ ಮಾಡ್ತೀವಿ" ಅಂತಾರೆ. ಕ್ವಿಕ್ ಫಾರ್ಮ್ಯಾಟ್ ಆದ್ರೆ ಇನ್ನೂ ಆಸೆ ಇರುತ್ತೆ. ವಿಸ್ತಾ ಬಂದಾಗಿನಿಂದ ವಿಂಡೋಸಿನ ಪೂರ್ತಿ ಫಾರ್ಮ್ಯಾಟ್ ಇಡೀ ಡಿಸ್ಕಿಗೆ ಸೊನ್ನೆ ಬರೀತದೆ, ಅಲ್ಲಿಗೆ ಮುಗೀತು.

ಎಚ್.ಡಿ.ಕೋಟೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ವಿಷಯ ಹೇಳಲೇಬೇಕು. ಜೇನುಕುರುಬರ ಹಾಡಿಗಳಿಗೆ ಹೋಗಿ, ಅಜ್ಜಿಯರು ಹೇಳಿದ ಹಾಡು, ಕಥೆಗಳನ್ನ ವರ್ಷಗಟ್ಟಲೆ ಬರ್ಕೊಂಡು ಬಂದು 'ನುಡಿ'ಯಲ್ಲಿ ಟೈಪ್ ಮಾಡಿದ್ದರು. ಕಂಪ್ಯೂಟರ್ ನಿಧಾನ ಆಯ್ತು ಅಂತ ರಿಪೇರಿಗೆ ಕೊಟ್ರೆ, ಒಂದು ಮಾತೂ ಕೇಳದೆ ಕ್ವಿಕ್ ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸ್ ಹಾಕಿ ಕೊಟ್ಟಿದ್ದಾರೆ. ಆ ಡಿಸ್ಕನ್ನ ಬಿಚ್ಚಿ, ನನ್ನ ಲ್ಯಾಪ್‌ಟಾಪಿಗೆ ಜೋಡಿಸಿ, 'ಫೋಟೋರೆಕ್' ಓಡಿಸಿದೆ. ಬಿಟ್ಟಿ ತಂತ್ರಾಂಶ. ಕಡತದ ಹೆಸರು, ಫೋಲ್ಡರು ಯಾವುದನ್ನೂ ನಂಬಲ್ಲ. ಪ್ರತಿ ಬಗೆಯ ಕಡತ ಶುರುವಾಗೋ ಬೈಟುಗಳ ಗುರುತು ಹಿಡಿದು ಹೆಕ್ಕುತ್ತೆ. ಹೆಸರಿಲ್ಲದ ನೂರಾರು ಕಡತ ಸಿಕ್ಕವು. ತೆರೆದರೆ ಒಂದರಲ್ಲೂ ಕನ್ನಡ ಇಲ್ಲ!

ಯಾಕಂದ್ರೆ ಹಳೇ ನುಡಿಯಲ್ಲಿ 'ಕ' ಅನ್ನೋದು ಡಿಸ್ಕಿನ ಮೇಲೆ 'ಕ' ಅಲ್ಲವೇ ಅಲ್ಲ. ಇಂಗ್ಲಿಷಿನ 'ಪಿ' ಮತ್ತು ಅದರ ಪಕ್ಕ ತಲೆ ಮೇಲೆ ಗೀಟಿರೋ ಒಂದು 'ಎ'. ಅದಕ್ಕೆ ಕನ್ನಡದ ವೇಷ ಹಾಕೋದು ಫಾಂಟು. ಹೊಸ ವಿಂಡೋಸಿನಲ್ಲಿ ಆ ಫಾಂಟೇ ಇರಲಿಲ್ಲ. "ಹಾಡಿ" ಅಂತ ಹುಡುಕಿದ್ರೆ ಒಂದೂ ಸಿಗಲ್ಲ. ಒಂದೊಂದೇ ತೆರೆದು, ಪರಿವರ್ತಕದಲ್ಲಿ ಯುನಿಕೋಡಿಗೆ ತಂದು, ಆಮೇಲೆ ಓದಬೇಕಾಯ್ತು. ಸುಮಾರು ಅರ್ಧ ಉಳೀತು. ಮಿಕ್ಕಿದ್ದರ ಮೇಲೆ ಹೊಸ ವಿಂಡೋಸ್ ಕೂತಿತ್ತು. "ಹೋಗಲಿ ಬಿಡಪ್ಪ" ಅಂದರು ಮೇಷ್ಟ್ರು. ಆಮೇಲೆ ಮೆಲ್ಲಗೆ, "ಮತ್ತೆ ಕೇಳೋಣ ಅಂದ್ರೆ ಹಾಡಿದೋರಲ್ಲಿ ಇಬ್ಬರೂ ಈಗಿಲ್ಲ" ಅಂದರು. ನನಗೆ ಮಾತೇ ಹೊರಡಲಿಲ್ಲ.

ಇದನ್ನೇ ಯುನಿಕೋಡಿನಲ್ಲಿ, ಸಾದಾ ಟೆಕ್ಸ್ಟ್ ಕಡತದಲ್ಲಿ ಬರೆದಿದ್ದರೆ? ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟು. ಹೆಕ್ಸ್ ಲೆಕ್ಕದಲ್ಲಿ ಮೊದಲನೆಯದು ಯಾವಾಗಲೂ ಇ0, ಎರಡನೆಯದು ಬಿ2 ಅಥವಾ ಬಿ3. ಕಡತ ಅರ್ಧಕ್ಕೆ ತುಂಡಾಗಿದ್ದರೂ, ಹೆಸರು ಹೋಗಿದ್ದರೂ, ಆ ಜಾಡು ಹಿಡಿದು ಕನ್ನಡ ಎಲ್ಲಿದೆ ಅಂತ ಹುಡುಕಬಹುದು. ಯುನಿಕೋಡ್ ಅಂದ್ರೆ ಬರೀ ಗೂಗಲ್ಲಿನಲ್ಲಿ ಸಿಗೋಕೆ ಅಂದ್ಕೊಂಡಿದ್ದೀವಿ. ಕಳೆದು ಹೋದಾಗ ಸಿಗೋಕೂ ಅದೇ ಬೇಕು.

ಇನ್ನೊಂದು ಮಾತು. ಮೇಷ್ಟ್ರದ್ದು ಹಳೇ ಹಾರ್ಡ್ ಡಿಸ್ಕು, ಹಾಗಾಗಿ ಅರ್ಧವಾದರೂ ಬಂತು. ಈಗಿನ ಲ್ಯಾಪ್‌ಟಾಪಿನ ಎಸ್‌ಎಸ್‌ಡಿಯಲ್ಲಿ 'ಟ್ರಿಮ್' ಅಂತ ಇದೆ. ಖಾಲಿ ಅಂತ ಗೊತ್ತಾದ ಜಾಗವನ್ನ ಅದು ತಾನೇ ಗುಡಿಸಿಬಿಡುತ್ತೆ. ಪಹಣಿಯಲ್ಲಿ ಹೆಸರು ಹೊಡೆದ ದಿನವೇ ಟ್ರ್ಯಾಕ್ಟರ್ ಬಂದಂಗೆ! ಅಲ್ಲಿ ಯಾವ ಕಂಪ್ಯೂಟರ್ ಡಾಕ್ಟರೂ ಹೆಚ್ಚೇನೂ ಮಾಡಕ್ಕಾಗಲ್ಲ.

ಅದಕ್ಕೇ ನನ್ನ ಕೋರಿಕೆ ಇಷ್ಟು. ಕಡತ ಹೋಯ್ತು ಅಂದ ಕ್ಷಣ ಕೈ ಕಟ್ಟಿ ಕೂತ್ಕೊಳ್ಳಿ. ಪೆನ್ ಡ್ರೈವ್, ಮೆಮೊರಿ ಕಾರ್ಡ್ ಆದ್ರೆ ಹೊರಗೆ ತೆಗೀರಿ, ಕಂಪ್ಯೂಟರ್ ಆದ್ರೆ ಆಫ್ ಮಾಡಿ. ಹುಡುಕೋದು ಬೇರೆ ಕಂಪ್ಯೂಟರಿನಿಂದ, ಸಿಕ್ಕಿದ್ದನ್ನ ಉಳಿಸೋದೂ ಬೇರೆ ಡಿಸ್ಕಿನಲ್ಲಿ. ರಿಪೇರಿ ಅಂಗಡಿಯಲ್ಲಿ "ಫಾರ್ಮ್ಯಾಟ್" ಅನ್ನೋ ಮಾತು ಕೇಳಿದ್ರೆ "ನಿಲ್ಲಿ ಸ್ವಾಮಿ" ಅನ್ನಿ.

ಮತ್ತೆ ನಿಮ್ಮ ಮನೆಯಲ್ಲಿ, ನಿಮ್ಮೂರ ಮೇಷ್ಟ್ರ ಮನೆಯಲ್ಲಿ, ಹಳೇ ನುಡಿ, ಬರಹ ಕಡತಗಳು ಖಂಡಿತ ಇರ್ತವೆ. ಒಂದು ಭಾನುವಾರ ಕೂತು ಯುನಿಕೋಡಿಗೆ ತಿರುಗಿಸಿ, ಎರಡು ಕಡೆ ಇಟ್ಟುಬಿಡಿ. ಪರಿವರ್ತಕದಲ್ಲಿ ಒತ್ತಕ್ಷರ ಕೈಕೊಟ್ರೆ ಇಲ್ಲಿ ಕಾಮೆಂಟ್ ಹಾಕಿ, ನೋಡೋಣ.