‘ಬಿಟ್ರೋದಲ್’ ಶಬ್ದವಿಚಾರ

ಆಂಗ್ಲಭಾಷೆಯ ‘ಬಿಟ್ರೋದಲ್’ ಎಂಬ ಶಬ್ದವು ಸತ್ತುಹೋಯಿತೆಂದೂ, ‘ಎಂಗೇಜ್‌ಮೆಂಟ್’ ಎಂಬುದು ಅದರ ಸ್ಥಾನದಲ್ಲಿ ಸುಖವಾಗಿ ನೆಲಸಿರುವಾಗ ಹುಡುಗರಿಗೆ ಹಳೆಯದನ್ನು ಕಲಿಸುವುದು ವೃಥಾಶ್ರಮವೆಂದೂ ಪದವೀಧರ ಮಿತ್ರರೊಬ್ಬರು ನಮ್ಮ ವಾಚನಾಲಯದಲ್ಲಿ ಇತ್ತೀಚೆಗೆ ವಾದಿಸಿದರು. ಎರಡರ ಅರ್ಥವೂ ಒಂದೇ ಅಲ್ಲವೆ ಎಂಬುದು ಅವರ ಪ್ರಶ್ನೆ. ಅಮರಕೋಶವನ್ನು ಬಾಯಿಪಾಠಮಾಡಿ ಬೆಳೆದ ನನಗೆ ಈ ಪ್ರಶ್ನೆಯನ್ನು ಕೇಳಿ ಸುಮ್ಮನಿರಲು ಮನಸ್ಸೊಪ್ಪದು. ಒಂದೇ ವಸ್ತುವಿಗೆ ಹತ್ತು ಹೆಸರಿರಬಹುದು. ಆದರೆ ಪ್ರತಿಯೊಂದು ಹೆಸರೂ ಆ ವಸ್ತುವಿನ ಬೇರೆಬೇರೆ ಗುಣವನ್ನು ಹಿಡಿದು ತೋರಿಸುವುದು.

‘ಬಿಟ್ರೋದಲ್’ ಎಂಬುದರ ಗರ್ಭದಲ್ಲಿರುವುದು ‘ಟ್ರೋತ್’. ಇದು ಸತ್ಯವಾಚಕವಾದ ‘ಟ್ರೂತ್’ ಎಂಬುದರ ಒಡಹುಟ್ಟು. ಒಂದೇ ಪ್ರಾಚೀನ ಶಬ್ದವು ಉಚ್ಚಾರಭೇದದಿಂದ ಎರಡಾಗಿ, ಒಂದು ನಿಜಸಂಗತಿಗೂ ಮತ್ತೊಂದು ಕೊಟ್ಟ ಮಾತಿಗೆ ನಿಲ್ಲುವ ನಿಷ್ಠೆಗೂ ಸಂದಿತು. 1549ರಲ್ಲಿ ಹೊರಟ ಆಂಗ್ಲ ಚರ್ಚಿನ ಪ್ರಾರ್ಥನಾಪುಸ್ತಕದ ವಿವಾಹವಿಧಿಯಲ್ಲಿ ವಧೂವರರು ಪರಸ್ಪರ ಕೊಡುವುದು ಈ ‘ಟ್ರೋತ್’ ಅನ್ನೇ. ಆದಕಾರಣ ‘ಬಿಟ್ರೋದಲ್’ ಎಂದರೆ ವಿವಾಹವಲ್ಲ. ವಿವಾಹಕ್ಕಾಗಿ ಸತ್ಯವನ್ನು ಒಪ್ಪಿಸುವುದು. ಹಾಗೆ ಮಾತು ಪಡೆದವರನ್ನು, ಗಂಡಾಗಲಿ ಹೆಣ್ಣಾಗಲಿ, ‘ಬಿಟ್ರೋದ್ಡ್’ ಎನ್ನುವರು.

‘ಎಂಗೇಜ್‌ಮೆಂಟ್’ ಎಂಬುದೂ ಕುಲಹೀನವೇನಲ್ಲ. ಫ್ರೆಂಚಿನಿಂದ ಬಂದ ‘ಗೇಜ್’ ಎಂದರೆ ಒತ್ತೆ. ಸಾಲಗಾರರೆಲ್ಲ ಬಲ್ಲ ‘ಮಾರ್ಟ್‌ಗೇಜ್’ ಎಂಬಲ್ಲಿಯೂ ಅದೇ ಇದೆ. ಆದರೆ ಬಳಕೆಯಲ್ಲಿ ಆ ಒತ್ತೆ ಸವೆದುಹೋಯಿತು. ಆಳನ್ನು ನೇಮಿಸುವುದೂ ಎಂಗೇಜ್‌ಮೆಂಟೇ, ಸೈನ್ಯಗಳು ಕೈಮಿಲಾಯಿಸುವುದೂ ಎಂಗೇಜ್‌ಮೆಂಟೇ, ಸಾಯಂಕಾಲ ಸ್ನೇಹಿತನನ್ನು ಕಾಣುವುದೂ ಎಂಗೇಜ್‌ಮೆಂಟೇ. ಟೆಲಿಫೋನು ಸಹ ‘ಎಂಗೇಜ್’ ಆಗುವ ಈ ಕಾಲದಲ್ಲಿ ಕನ್ಯೆಯೊಬ್ಬಳ ಜೀವನಪ್ರಶ್ನೆಯನ್ನು ಅದೇ ಮಾತಿನಲ್ಲಿ ಹೇಳಿದರೆ ಅದರ ಭಾರ ಕೇಳುವವರಿಗೆ ಹೇಗೆ ತಿಳಿಯಬೇಕು?

ನಮ್ಮವರು ಇದನ್ನು ಬಲ್ಲವರಾಗಿದ್ದರು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ವಾಗ್ದಾನವನ್ನು ಮಾತಿನಿಂದ ಸತ್ಯಮಾಡುವುದೆಂದೇ ಹೇಳಿದೆ. 1886ರಲ್ಲಿ ಆ ಗ್ರಂಥವನ್ನು ಇಂಗ್ಲಿಷಿಗೆ ತಂದ ಬ್ಯೂಲರ್ ಪಂಡಿತನು ಅಲ್ಲಿ ಆರಿಸಿಕೊಂಡ ಪದವು ‘ಟ್ರೋತ್’. ಆ ಶ್ಲೋಕವು ವಿಧಿಸುವ ಆಚಾರವನ್ನು ನಾವಿಂದು ಒಪ್ಪಬೇಕಾಗಿಲ್ಲ. ಶಬ್ದವನ್ನು ಮಾತ್ರ ನೋಡಿರಿ. ಎರಡು ದೂರದೇಶಗಳ ಜನರು ಒಂದೇ ಕಾರ್ಯಕ್ಕೆ ಸತ್ಯವೆಂದೇ ಹೆಸರಿಟ್ಟರು.

ಇದೆಲ್ಲ ಪಂಡಿತರ ಕಾಲಹರಣವೆನ್ನುವವರಿಗೆ ಒಂದು ಸಂಗತಿಯನ್ನು ಹೇಳುವೆನು. ನನ್ನ ಹಳೆಯ ಶಿಷ್ಯನೊಬ್ಬನ ಮಗಳಿಗೆ ನಿಶ್ಚಿತಾರ್ಥವಾಯಿತು. ಎರಡು ಮನೆಯವರೂ ತಾಂಬೂಲ ಬದಲಾಯಿಸಿಕೊಂಡರು. ಲಗ್ನಪತ್ರಿಕೆಯನ್ನು ಓದಿದವನು ನಾನೇ. ಮೂರು ತಿಂಗಳಲ್ಲಿ ಹೆಚ್ಚು ಸ್ಥಿತಿವಂತರ ಸಂಬಂಧ ದೊರೆಯಲಾಗಿ ವರನ ಕಡೆಯವರು ಹಿಂದೆಗೆದರು. ಕೇಳಲು ಹೋದ ನನಗೆ ವರನ ತಂದೆ, “ಮೇಷ್ಟ್ರೆ, ಆದದ್ದು ಎಂಗೇಜ್‌ಮೆಂಟ್ ತಾನೆ, ಮದುವೆಯಲ್ಲವಲ್ಲ!” ಎಂದರು. ಶಿಷ್ಯನ ಮನೆಗೆ ಮರಳಿದಾಗ ಆ ಮಗು ಕಾಫಿ ತಂದಿಟ್ಟು, “ತಾತ, ಅವತ್ತು ನೀವು ಓದಿದ್ದು ಸುಳ್ಳೇ?” ಎಂದಿತು. ನನಗೆ ಉತ್ತರ ಹೊರಡಲಿಲ್ಲ.

ಷೇಕ್ಸ್‌ಪಿಯರ್ ಮಹಾಕವಿಯ ‘ಮೆಷರ್ ಫಾರ್ ಮೆಷರ್’ ನಾಟಕದಲ್ಲಿ ಏಂಜೆಲೋ ಎಂಬವನು ಮರಿಯಾನಳಿಗೆ ಮಾತು ಕೊಟ್ಟಿದ್ದು, ಅವಳ ಅಣ್ಣನೊಡನೆ ವರದಕ್ಷಿಣೆಯ ಹಣವೂ ಸಮುದ್ರದಲ್ಲಿ ಮುಳುಗಲು ಅವಳನ್ನು ಕೈಬಿಟ್ಟನು. ನೀತಿವಂತನೆಂದು ಹೆಸರಾದ ಅವನನ್ನು ಕವಿಯು ಆ ಮಾತಿನ ಮುಂದೆಯೇ ತಂದು ನಿಲ್ಲಿಸಿ ತಲೆತಗ್ಗಿಸುವಂತೆ ಮಾಡಿದನು.

ಹಾಗಾದರೆ ನಿಶ್ಚಿತಾರ್ಥವಾದೊಡನೆ ಹೆಣ್ಣುಗಂಡುಗಳನ್ನು ಕಟ್ಟಿಹಾಕಬೇಕೆ? ಎಂದಿಗೂ ಬೇಡ. ಇಂಗ್ಲೆಂಡಿನಲ್ಲಿ ಹಿಂದೆ ಇಂಥ ಮಾತಿನ ಮೇಲೆ ಚರ್ಚಿನ ನ್ಯಾಯಸ್ಥಾನವು ವಿವಾಹಕ್ಕೆ ಬಲಾತ್ಕರಿಸಬಹುದಾಗಿತ್ತು; 1753ರ ಶಾಸನವು ಅದನ್ನು ನಿಲ್ಲಿಸಿತು. ಮಾತು ತಪ್ಪಿದವರಿಂದ ಪರಿಹಾರ ಕೇಳುವ ದಾವೆಯನ್ನೂ 1970ರ ಶಾಸನವು ಅಲ್ಲಿ ರದ್ದುಪಡಿಸಿತು. ಒಲ್ಲದ ಮದುವೆಗಿಂತ ಮುರಿದ ನಿಶ್ಚಯವೇ ಲೇಸು. ಆದರೆ ಕೊಟ್ಟ ಮಾತನ್ನು ಕಾರಣವಿದ್ದು, ಎದುರುನಿಂತು, ಕ್ಷಮೆ ಬೇಡಿ ಹಿಂದಕ್ಕೆ ಪಡೆಯುವುದು ಬೇರೆ. ಮಾತನ್ನೇ ಕೊಡಲಿಲ್ಲವೆಂಬಂತೆ ನಡೆಯುವುದು ಬೇರೆ. ಮೊದಲನೆಯದು ದುಃಖ, ಎರಡನೆಯದು ಅಸತ್ಯ. ನ್ಯಾಯಸ್ಥಾನವು ಕೈಬಿಟ್ಟ ಮೇಲೆ ಆ ಭೇದವನ್ನು ಕಾಯುವುದಕ್ಕೆ ಉಳಿದಿರುವುದು ನಮ್ಮ ಮನಸ್ಸಾಕ್ಷಿ. ಅದನ್ನು ಎಚ್ಚರದಲ್ಲಿಡುವುದು ನಾವಾಡುವ ಶಬ್ದ.

ಆದುದರಿಂದ ಉಪಾಧ್ಯಾಯರು ‘ಬಿಟ್ರೋದಲ್’ ಎಂಬುದನ್ನು ಅದರ ಸತ್ಯದೊಡನೆ ಕಲಿಸಲಿ. ಗೃಹಸ್ಥರು ಕನ್ನಡದ ಆಹ್ವಾನಪತ್ರಿಕೆಯಲ್ಲಿ ‘ಎಂಗೇಜ್‌ಮೆಂಟ್’ ಎಂದು ಅಚ್ಚುಹಾಕಿಸುವುದನ್ನು ಬಿಟ್ಟು, ‘ವಾಗ್ದಾನ’ವೆಂದೋ ‘ನಿಶ್ಚಿತಾರ್ಥ’ವೆಂದೋ ಬರೆಯಿಸಲಿ, ಬರೆಯಿಸಿದ್ದರ ಅರ್ಥವನ್ನು ಒಮ್ಮೆ ಓದಿಕೊಳ್ಳಲಿ. ಇನ್ನು ಆ ಮಗುವಿಗೆ ನಾನು ಅಂದು ಕೊಡಲಾರದ ಉತ್ತರವಿದು: ತಾಯಿ, ನಾನು ಓದಿದ್ದು ಸುಳ್ಳಲ್ಲ. ಅದನ್ನು ಸುಳ್ಳುಮಾಡಿದವರು ಬೇರೆ; ಆ ಲಜ್ಜೆಯು ಅವರದು, ನಿನ್ನದಲ್ಲ.