ತೋಟಕ್ಕೂ ನಾಲ್ಕು ದಿನ ರಜೆ



ಬೋರ್ಡೋ ಸಿಂಪಡಣೆಗೆ ದಿನ ಗೊತ್ತುಮಾಡುವ ನಾವು, ಮನೆಯವರೊಡನೆ ಹೊರಡಲು ಮಾತ್ರ 'ಮುಂದಿನ ವರ್ಷ ನೋಡೋಣ' ಎನ್ನುತ್ತೇವೆ. ಕಣದ ಕಾಫಿ, ಆಳುಗಳ ಊಟವೆಂದು ವರ್ಷವಿಡೀ ದುಡಿಯುವ ಮನೆಯಾಕೆ ಕಡಲು ಕಂಡು ಎಷ್ಟು ಕಾಲವಾಯಿತು?

ಘಟ್ಟ ಇಳಿದರೆ ಗೋಕರ್ಣ. ಮಹಾಬಲೇಶ್ವರನ ದರ್ಶನ ಮುಗಿಸಿ ಗುಡ್ಡ ದಾಟಿದರೆ ಕುಡ್ಲೆ, ಅದರಾಚೆ ಓಂ ತೀರ. ಶಿವರಾತ್ರಿ ತೇರಿನ ಜನಜಂಗುಳಿ ಬೇಡ; ಮುಂಗಾರಿನಲ್ಲಿ ಕಡಲು ಅಪಾಯಕಾರಿ. ಕುಯಿಲು ಮುಗಿದು ಹೂಮಳೆ ಬೀಳುವ ಮೊದಲಿನ ಬಿಡುವಿನಲ್ಲಿ, ಶನಿವಾರ ಭಾನುವಾರ ಬಿಟ್ಟು ಹೋದರೆ ನೆಮ್ಮದಿ.

ತೋಟ ನೋಡುವವರಾರು ಎನ್ನುವಿರಾ? ಈ ಸಲ ನೆರೆಯವರು, ಮುಂದಿನ ಸಲ ಅವರಿಗಾಗಿ ನಾವು. ಸಹಕಾರವೆಂದರೆ ಸಾಲ, ಗೊಬ್ಬರವಷ್ಟೇ ಅಲ್ಲವಲ್ಲ!